ಬಸ್ಸು ಪಡುಗಡಲಿಗೆ, ಮೋರಿ ಮೂಡುಗಡಲಿಗೆ

ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಗೆ ಕಡಲಿಲ್ಲ. ಆದರೂ ಕಡಲ ದಂಡೆಯಲ್ಲಿ ವಿಜ್ಞಾನಿಗಳು ಹುಡುಕುತ್ತಿರುವ, ಮಾತ್ರೆಗೆ ಬಗ್ಗದ ಬ್ಯಾಕ್ಟೀರಿಯಾದ ತವರು ಇಂಥ ಊರುಗಳೇ. ಮೆಡಿಕಲ್ ಶಾಪು, ಕೊಟ್ಟಿಗೆ, ಕಕ್ಕಸು ಗುಂಡಿ, ಹೊಳೆ: ಇದೇ ಅದರ ದಾರಿ.

ಡಿಸೆಂಬರ್ ಬಂತೆಂದರೆ ಹೊಸಕೋಟೆ ಸುತ್ತಿನ ಶಾಲೆಗಳ ಮುಂದೆ ರಾತ್ರಿ ಹೊತ್ತು ಬಸ್ಸುಗಳು ನಿಲ್ಲುತ್ತವೆ. ಜಡಿಗೇನಹಳ್ಳಿಯಲ್ಲೂ ಅದೇ ನೋಟ. ಹೆಡ್‌ಲೈಟಿನ ಬೆಳಕಲ್ಲಿ ಮಂಜು. ಕಿವಿಗೆ ಮಫ್ಲರ್ ಸುತ್ತಿಕೊಂಡ ಮೇಷ್ಟ್ರ ಕೈಯಲ್ಲಿ ಹೆಸರಿನ ಪಟ್ಟಿ. ಮಕ್ಕಳ ಡಬ್ಬಿಯಲ್ಲಿ ಪುಳಿಯೋಗರೆ, ಜೇಬಲ್ಲಿ ವಾಂತಿಗೆಂದು ನಿಂಬೆಹಣ್ಣು. ಕಿಟಕಿಯ ಕೆಳಗೆ ನಿಂತ ಅಜ್ಜಿಯದು ಒಂದೇ ಮಾತು: "ನೀರಿಗಿಳೀಬೇಡ ಕಣ್ಮಗ."

ಧರ್ಮಸ್ಥಳ, ಉಡುಪಿ, ಮುರುಡೇಶ್ವರ. ಬಯಲುಸೀಮೆಯ ಶಾಲಾ ಪ್ರವಾಸದ ಈ ದಾರಿ ತಲೆಮಾರುಗಳಿಂದ ಬದಲಾಗಿಲ್ಲ. ಬಸ್ಸಿನಲ್ಲಿ ಕೂತವರಲ್ಲಿ ಎಷ್ಟೋ ಮಕ್ಕಳಿಗೆ ಅದು ಬಾಳಿನ ಮೊದಲ ಕಡಲು. ಹಾಗಾಗಿ ಅಜ್ಜಿಯ ಮಾತು ಶಿರಾಡಿ ಘಾಟಿ ಇಳಿಯುವಷ್ಟರಲ್ಲಿ ಮರೆತುಹೋಗಿರುತ್ತದೆ.

ಅಜ್ಜಿಯ ಭಯ ಸುಳ್ಳಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಅಲೆಗಳಲ್ಲಿ ಜೀವ ಕಳೆದುಕೊಂಡರು. ಕಡಲಲ್ಲಿ ಮೊದಲು ಹೆದರಬೇಕಾದ್ದು ಅಲೆಗೇ. ಇದನ್ನು ಮುಂಚೆಯೇ ಹೇಳಿಬಿಡಬೇಕು, ಏಕೆಂದರೆ ಮುಂದಿನ ಕತೆಯ ಪಾತ್ರಧಾರಿ ಕಣ್ಣಿಗೆ ಕಾಣದವನು. ದಂಡೆಯಲ್ಲಿ ಯಾರನ್ನೂ ಕೊಲ್ಲದವನು. ಸದ್ದಿಲ್ಲದೆ ಹೊಟ್ಟೆ ಸೇರಿ ಮನೆಗೆ ಬರುವವನು.

ಒಂದು ಗುಟುಕು ಉಪ್ಪುನೀರು

ನೀರಲ್ಲಿ ಆಡುವ ಮಗು ಎಷ್ಟು ನೀರು ಕುಡಿಯುತ್ತದೆ? ಅಮೆರಿಕದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಇದನ್ನು ಈಜುಕೊಳದಲ್ಲಿ ಅಳೆದು ನೋಡಿದರು. ಮುಕ್ಕಾಲು ಗಂಟೆಯಲ್ಲಿ ದೊಡ್ಡವರು ಸರಾಸರಿ 16 ಮಿಲಿಲೀಟರ್ ನುಂಗಿದ್ದರೆ, ಮಕ್ಕಳು 37 ಮಿಲಿಲೀಟರ್ ನುಂಗಿದ್ದರು. ಅದು ಈಜುಕೊಳ. ಅಲೆ ಬಂದು ಮುಖಕ್ಕೆ ಹೊಡೆಯುವ ಕಡಲಲ್ಲಿ ಬಾಯಿ ಮುಚ್ಚಿಕೊಳ್ಳಲು ಯಾರಿಗೆ ಪುರುಸೊತ್ತು?

ಸ್ನಾನಕ್ಕೆ, ನೀರಾಟಕ್ಕೆ ಬಳಸುವ ಕಡಲ ನೀರಿಗೆ ನಮ್ಮ ದೇಶದಲ್ಲೊಂದು ಮಾನದಂಡವಿದೆ. 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಬ್ಯಾಕ್ಟೀರಿಯಾ 100 ದಾಟಬಾರದು. ಅಂದರೆ ಎಲ್ಲವೂ ಸರಿಯಿದೆ ಎಂದು ಪ್ರಮಾಣಪತ್ರ ಪಡೆದ ನೀರಲ್ಲೇ ಒಂದು ಮಗು ಮುಕ್ಕಾಲು ಗಂಟೆಯಲ್ಲಿ ಅಂಥ 37 ಬ್ಯಾಕ್ಟೀರಿಯಾಗಳನ್ನು ನುಂಗಬಹುದು. ಇದರಿಂದ ಗಾಬರಿಯಾಗಬೇಕಿಲ್ಲ. ಕರುಳಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಹೊತ್ತು ತಿರುಗುವ ನಮಗೆ 37 ಏನೂ ಅಲ್ಲ.

ಪ್ರಶ್ನೆ ಇರುವುದು ಬೇರೆ ಕಡೆ. ಆ 37ರಲ್ಲಿ ಔಷಧಕ್ಕೆ ಬಗ್ಗದವು ಎಷ್ಟು? ನಮ್ಮ ಪರೀಕ್ಷೆ ಅದನ್ನು ಕೇಳುವುದೇ ಇಲ್ಲ. ತಲೆ ಎಣಿಸುತ್ತದೆ, ಗುಣ ವಿಚಾರಿಸುವುದಿಲ್ಲ. 2020ರಲ್ಲಿ ನಮ್ಮ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ತೀರಗಳಿಗೆ ಬಂದ, ಸ್ವಚ್ಛ ಕಡಲತೀರಕ್ಕೆ ಸಿಗುವ ಹೆಮ್ಮೆಯ ನೀಲಿ ಬಾವುಟವೂ ಅಷ್ಟೇ. ಅಲ್ಲಿ ಇ. ಕೋಲಿ ಮತ್ತು ಎಂಟರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾಗಳ ಲೆಕ್ಕ ಬಿಗಿಯಾಗಿದೆ, ನಿಯಮಿತವಾಗಿದೆ. ಆದರೆ ಅವು ಯಾವ ಮಾತ್ರೆಗೆ ಸಾಯುತ್ತವೆ, ಯಾವುದಕ್ಕೆ ಸಾಯುವುದಿಲ್ಲ ಎಂಬ ಕಾಲಂ ಆ ಪಟ್ಟಿಯಲ್ಲಿಲ್ಲ.

ಅಲೆಯ ಮೇಲಿನವರ ಕರುಳು

ಆ ಕಾಲಂ ತುಂಬಲು ಹೊರಟವರು ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾಲಯದ ಆನ್ ಲಿಯೊನಾರ್ಡ್ ಮತ್ತು ಸಂಗಡಿಗರು. ಸರ್ಫಿಂಗ್ ಮಾಡುವವರು ಮಾಮೂಲಿ ಈಜುಗಾರರಿಗಿಂತ ಹತ್ತು ಪಟ್ಟು ಹೆಚ್ಚು ಕಡಲ ನೀರು ನುಂಗುತ್ತಾರೆ ಎಂಬುದು ಗೊತ್ತಿತ್ತು. ಹಾಗಾಗಿ ಅವರನ್ನೇ ಹಿಡಿದರು. 143 ಸರ್ಫರ್‌ಗಳು, ಹೋಲಿಕೆಗೆ ಹಲಗೆ ಹತ್ತದ 130 ಮಂದಿ. ಎಲ್ಲರಿಂದಲೂ ಮಲದ ಮಾದರಿ ಪಡೆದರು. ಯೋಜನೆಗೆ ಇಟ್ಟ ಹೆಸರು 'ಬೀಚ್ ಬಮ್ಸ್'. ಇಂಗ್ಲಿಷರ ತುಂಟತನ, ಅನುವಾದ ಬೇಡ.

2018ರಲ್ಲಿ ಫಲಿತಾಂಶ ಹೊರಬಿತ್ತು. ಸೆಫೊಟ್ಯಾಕ್ಸಿಮ್ ಎಂಬ ಪ್ರಬಲ ಆಂಟಿಬಯಾಟಿಕ್‌ಗೂ ಜಗ್ಗದ ಇ. ಕೋಲಿ 13 ಸರ್ಫರ್‌ಗಳ ಕರುಳಲ್ಲಿತ್ತು. ಉಳಿದ ಗುಂಪಿನಲ್ಲಿ ನಾಲ್ವರಲ್ಲಿ ಮಾತ್ರ. ಶೇ 9ಕ್ಕೆ ಎದುರಾಗಿ ಶೇ 3. ಅವರಾರೂ ಕಾಯಿಲೆ ಬಿದ್ದಿರಲಿಲ್ಲ. ಆದರೆ ನಾಳೆ ಮೂತ್ರಕೋಶದ ಸೋಂಕೋ, ಆಪರೇಷನ್ನೋ ಬಂದಾಗ ಆ ಬಾಡಿಗೆದಾರ ಒಳಗಿಂದಲೇ ಎದ್ದು ಬರಬಹುದು. ಮಾಮೂಲಿ ಔಷಧ ಆಗ ನಾಟುವುದಿಲ್ಲ.

2016ರಲ್ಲಿ ಮಂಗಳೂರು ಬಳಿಯ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಆರಂಭವಾಯಿತು. ಮುಲ್ಕಿಯ ಹುಡುಗರು ಈಗ ಹಲಗೆ ಹಿಡಿದು ಸಲೀಸಾಗಿ ಅಲೆ ಏರುತ್ತಾರೆ. ಹಾಗಾದರೆ ನಮ್ಮಲ್ಲೂ ಅಂಥದೇ ಅಧ್ಯಯನ ಮಾಡಿಬಿಡೋಣವೇ? ಇಲ್ಲೊಂದು ಮುಜುಗರದ ತೊಡಕಿದೆ.

2,001 ಮಂದಿ ಡಚ್ ಪ್ರಯಾಣಿಕರನ್ನು ವಿದೇಶಕ್ಕೆ ಹೊರಡುವ ಮುಂಚೆ ಮತ್ತು ಹಿಂತಿರುಗಿದ ಮೇಲೆ ಪರೀಕ್ಷಿಸಿದ ದೊಡ್ಡ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಹೋಗುವಾಗ ಇಲ್ಲದ, ಬರುವಾಗ ಹೊಟ್ಟೆಯಲ್ಲಿ ಹೊತ್ತು ತಂದ ಇಂಥ ಬ್ಯಾಕ್ಟೀರಿಯಾ ಒಟ್ಟಾರೆ ಮೂವರಲ್ಲಿ ಒಬ್ಬರಿಗಿತ್ತು. ದಕ್ಷಿಣ ಏಷ್ಯಾಕ್ಕೆ, ಅಂದರೆ ನಮ್ಮ ಕಡೆಗೆ ಬಂದುಹೋದವರಲ್ಲಿ? ನಾಲ್ವರಲ್ಲಿ ಮೂವರಿಗೆ. ಅವರೇನೂ ಸರ್ಫಿಂಗ್ ಮಾಡಿರಲಿಲ್ಲ. ಉಂಡರು, ಕುಡಿದರು, ತಿರುಗಾಡಿದರು, ಅಷ್ಟೇ. ಅಂದರೆ ಇಲ್ಲಿ ಹೋಲಿಕೆಗೆ ತರುವ, ಹಲಗೆ ಹತ್ತದವರ ಕರುಳಲ್ಲೂ ಅದು ಮೊದಲೇ ಇದ್ದೀತು.

ಇಂಗ್ಲೆಂಡಿನಲ್ಲಿ ಕಡಲು ಕರುಳಿಗೆ ಏನು ಕೊಟ್ಟೀತೆಂಬ ಚಿಂತೆ. ನಮ್ಮಲ್ಲಿ ಕೇಳಬೇಕಾದ್ದು ತಿರುಗಾಮುರುಗಾ: ನಮ್ಮ ಕರುಳು ಕಡಲಿಗೆ ಏನು ಕೊಡುತ್ತಿದೆ?

ಇನ್ನೊಂದು ಕಡಲಿನ ದಾರಿ

ಮಕ್ಕಳ ಬಸ್ಸು ಪಡುವಣಕ್ಕೆ ಹೋಯಿತು. ಊರಿನ ನೀರು ಹೋಗುವುದು ಮೂಡಣಕ್ಕೆ.

ಹೊಸಕೋಟೆ ತಾಲ್ಲೂಕು ದಕ್ಷಿಣ ಪಿನಾಕಿನಿಯ ಸೀಮೆ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ, ದೇವನಹಳ್ಳಿ, ಹೊಸಕೋಟೆ ಸೀಮೆಗಳನ್ನು ಹಾದು, ತಮಿಳುನಾಡಿನಲ್ಲಿ ತೆನ್‌ಪೆನ್ನೈ ಎನಿಸಿಕೊಂಡು, ಕಡಲೂರಿನ ಬಳಿ ಬಂಗಾಳ ಕೊಲ್ಲಿ ಸೇರುವ ಹೊಳೆ. ಹಿಂದೆ ಮಳೆಗಾಲದಲ್ಲಿ ಮಾತ್ರ ಹರಿಯುತ್ತಿತ್ತು. ಈಗ ವರ್ಷವಿಡೀ ಹರಿಯುತ್ತದೆ. ಸಂತೋಷಪಡಬೇಕಾದ ಸುದ್ದಿಯೇನಲ್ಲ. ಬೆಂಗಳೂರಿನ ಮೂಡಣ ಇಳಿಜಾರಿನ ಮೋರಿಗಳೆಲ್ಲ ಕೊನೆಗೆ ಸೇರುವುದು ಇದನ್ನೇ. ನೊರೆ ಕಾರಿ, 2015ರಲ್ಲಿ ಬೆಂಕಿ ಹತ್ತಿ ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಬಂದ ಬೆಳ್ಳಂದೂರು ಕೆರೆಯ ಕೋಡಿ ನೀರು ವರ್ತೂರಿಗೆ, ವರ್ತೂರಿನದು ಈ ಹೊಳೆಗೆ. ಕೆ.ಆರ್. ಪುರದ ಆಚೆಯ ಎಲೆಮಲ್ಲಪ್ಪಶೆಟ್ಟಿ ಕೆರೆಯದೂ ಇದಕ್ಕೇ.

ಸರ್ಜಾಪುರ ಸಮೀಪದ ಮುಗಳೂರಿನಲ್ಲಿ ನಿಂತು ನೋಡಿದರೆ ಸಾಕು. ನೀರಿನ ಬಣ್ಣ, ವಾಸನೆ ಎರಡೂ ವಿಳಾಸ ಹೇಳುತ್ತವೆ. ದಂಡೆಯುದ್ದಕ್ಕೂ ಪಂಪ್‌ಸೆಟ್ಟು, ಸೊಪ್ಪು, ತರಕಾರಿ, ಹಸುಗಳಿಗೆ ಸೀಮೆಹುಲ್ಲು. ಬೆಂಗಳೂರು ಬಿಟ್ಟದ್ದು ಕೊತ್ತಂಬರಿ ಕಟ್ಟಾಗಿ ಬೆಂಗಳೂರಿಗೇ ಮರಳುತ್ತದೆ.

> ಹೊಳೆಯ ಹಾದಿ
>
> ● ಬೆಂಗಳೂರು ದಿಬ್ಬದ ಮೇಲಿನ ಊರು. ಪಡುವಣದ ಕೊಳಚೆ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ. ಮೂಡಣದ್ದು ದಕ್ಷಿಣ ಪಿನಾಕಿನಿಗೆ.
>
> ● ಗಡಿ ದಾಟಿದೊಡನೆ ಹೊಸೂರಿನ ಕೆಲವರಪಳ್ಳಿ ಜಲಾಶಯ. ಅಲ್ಲಿಂದ ನೀರು ಬಿಟ್ಟಾಗ ಏಳುವ ನೊರೆ ಪ್ರತಿವರ್ಷ ಟಿ.ವಿ. ಸುದ್ದಿ.
>
> ● ಮುಂದೆ ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆಗೆ ಸಾತನೂರಿನಿಂದ 1.68 ಲಕ್ಷ ಕ್ಯುಸೆಕ್ ನೀರು ಬಿಡಲಾಯಿತು. ಕಡಲೂರಿನ ತನಕ ಊರುಗಳು ಮುಳುಗಿದವು.

ಹೊಸಕೋಟೆಯಲ್ಲಿ ಹೊಳೆ ಸೇರಿದ ಬ್ಯಾಕ್ಟೀರಿಯಾ ನೇರವಾಗಿ ಕಡಲೂರಿನ ಮರಳಿಗೆ ಹೋಗಿ ಕೂರುತ್ತದೆ ಎಂದೇನಲ್ಲ. ನಡುವೆ ಅಣೆಕಟ್ಟುಗಳಿವೆ, ಬಿಸಿಲಿದೆ. ಬಹುಪಾಲು ದಾರಿಯಲ್ಲೇ ಸಾಯುತ್ತವೆ. ಉಪ್ಪುನೀರು ಉಳಿದವನ್ನು ಸತಾಯಿಸುತ್ತದೆ. ಆದರೆ ಸಾಯುವ ಮುಂಚೆ ಅವು ಮಾಡುವ ಕೆಲಸವೊಂದಿದೆ.

ಕಾಪಿ ಚೀಟಿ

ಪರೀಕ್ಷಾ ಹಾಲಿನಲ್ಲಿ ಕಾಪಿ ಚೀಟಿ ಬೆಂಚಿನಿಂದ ಬೆಂಚಿಗೆ ದಾಟುವುದನ್ನು ನೋಡಿದವರಿಗೆ ಪ್ಲಾಸ್ಮಿಡ್ ಅರ್ಥ ಮಾಡಿಸುವುದು ಸುಲಭ. ಬ್ಯಾಕ್ಟೀರಿಯಾದ ಮುಖ್ಯ ವಂಶವಾಹಿ ಬೇರೆ. ಜತೆಗೆ ಡಿಎನ್‌ಎಯ ಚಿಕ್ಕ ಉಂಗುರವೊಂದು ಇರುತ್ತದೆ, ಅದೇ ಪ್ಲಾಸ್ಮಿಡ್. 'ಈ ಔಷಧವನ್ನು ಹೀಗೆ ಕತ್ತರಿಸು, ಆ ಔಷಧವನ್ನು ಹಾಗೆ ಹೊರದಬ್ಬು' ಎಂಬ ಉತ್ತರಗಳು ಅದರಲ್ಲಿರುತ್ತವೆ. ಪಕ್ಕದವನು ತನ್ನ ಜಾತಿಯವನೇ ಆಗಬೇಕಿಲ್ಲ. ಕರುಳಿನ ಇ. ಕೋಲಿ ಆ ಉಂಗುರದ ನಕಲನ್ನು ಹೊಳೆಯ, ಕಡಲ ಬ್ಯಾಕ್ಟೀರಿಯಾಕ್ಕೂ ದಾಟಿಸಬಲ್ಲದು. ಕೊಟ್ಟವನು ಸತ್ತರೂ ನಕಲು ಉಳಿಯಿತು.

ದೆಹಲಿಯ ನೀರು ಇದನ್ನು ಜಗತ್ತಿಗೆ ತೋರಿಸಿತು. ಕೊನೆಯ ಅಸ್ತ್ರವೆಂದು ವೈದ್ಯರು ಎತ್ತಿಟ್ಟಿದ್ದ ಕಾರ್ಬಪೆನೆಮ್‌ಗಳನ್ನೇ ಮುರಿಯುವ ಎನ್‌ಡಿಎಂ-1 ವಂಶವಾಹಿಯನ್ನು, 2011ರಲ್ಲಿ ಪ್ರಕಟವಾದ ವರದಿಯೊಂದಕ್ಕಾಗಿ ಸಂಶೋಧಕರು ಅಲ್ಲಿನ ನೀರಲ್ಲಿ ಹುಡುಕಿದರು. ನಿಂತ, ಜಿನುಗಿದ ನೀರಿನ 171 ಮಾದರಿಗಳಲ್ಲಿ 51ರಲ್ಲಿ, ನಲ್ಲಿ ನೀರಿನ 50ರಲ್ಲಿ ಎರಡರಲ್ಲಿ ಸಿಕ್ಕಿತು. ಹೆಸರಿನ 'ಎನ್‌ಡಿ' ಅಂದರೆ ನವದೆಹಲಿ ಎಂದು ನಾವು ಆಗ ಸಿಟ್ಟಾದದ್ದೇ ಹೆಚ್ಚು. ಅದೇ ವರದಿಯಲ್ಲಿದ್ದ ಇನ್ನೊಂದು ಮಾತಿನ ಕಡೆ ಗಮನ ಹೋಗಲಿಲ್ಲ: ಆ ಉಂಗುರದ ವಿನಿಮಯ ಅತಿ ಚುರುಕಾಗಿ ನಡೆದದ್ದು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಹೊಳೆ, ಮೋರಿಗಳು ವರ್ಷದಲ್ಲಿ ಎಷ್ಟೋ ದಿನ ಅದರ ಆಸುಪಾಸಿನಲ್ಲೇ ಇರುತ್ತವೆ.

ಇನ್ನೊಂದು ತಮಾಷೆ. ಕೊಳಚೆ ಶುದ್ಧೀಕರಣ ಘಟಕದ ಎರಡನೇ ಹಂತದಲ್ಲಿ ಗಾಳಿ ಊದಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಕೊಳೆಯನ್ನು ತಿನ್ನುವುದು ಅವೇ. ಹೊರಬರುವ ನೀರಲ್ಲಿ ಕೊಳೆಯೂ, ಬ್ಯಾಕ್ಟೀರಿಯಾಗಳ ಸಂಖ್ಯೆಯೂ ಬಹಳ ಇಳಿಯುತ್ತದೆ, ಸರಿಯೇ. ಆದರೆ ಆ ತೊಟ್ಟಿಯಲ್ಲಿ ಇಡೀ ನಗರದ ಕರುಳಿನ ಬ್ಯಾಕ್ಟೀರಿಯಾಗಳು, ಮೂತ್ರದಲ್ಲಿ ಬಂದ ಅರೆಬರೆ ಔಷಧದ ಜತೆಗೆ, ತಾಸುಗಟ್ಟಲೆ ಒತ್ತೊತ್ತಾಗಿ ಕೂತಿರುತ್ತವೆ. ಚೀಟಿ ದಾಟಿಸಲು ಇದಕ್ಕಿಂತ ಒಳ್ಳೆಯ ಹಾಲ್ ಸಿಗುವುದಿಲ್ಲ.

ಈ ಸಂಗತಿ ಈ ಸೀಮೆಗೆ ತೀರ ಹತ್ತಿರದ್ದು. 2018ರ ಜೂನ್‌ನಲ್ಲಿ, ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಧುಮುಕಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆಗಳ ಗುರಿ, ಎರಡು ಹಂತದ ಶುದ್ಧೀಕರಣ. ಮುಂದಿನ ತಿಂಗಳೇ ಲಕ್ಷ್ಮೀಸಾಗರದಲ್ಲಿ ನೊರೆ ಎದ್ದಿತು, ಹೈಕೋರ್ಟ್ ಕೆಲಕಾಲ ತಡೆ ಕೊಟ್ಟಿತು, ವಿಚಾರ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಹತ್ತಿತು. ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕೆರೆಗಳಿಗೆ ಎಚ್.ಎನ್. ವ್ಯಾಲಿಯಿಂದಲೂ ಇಂಥದೇ ನೀರು ಬರುತ್ತಿದೆ.

ಸಾವಿರ ಅಡಿ ಕೊರೆದರೂ ಧೂಳೇ ಬರುತ್ತಿದ್ದ ಸೀಮೆಗೆ ಈ ನೀರು ಎಂಥ ವರವೆಂದು ಕೊಳವೆಬಾವಿ ಬತ್ತಿದವರಿಗೇ ಗೊತ್ತು. ಪಟ್ಟಣದ ಅಪಾರ್ಟ್‌ಮೆಂಟಿನಲ್ಲಿ ಕೂತು ಅದನ್ನು ವಿಷ ಎಂದು ಜರೆಯುವುದು ಸುಲಭ. ನನ್ನ ಮಟ್ಟಿಗೆ ಜಗಳ ನೀರಿನ ಮೇಲಲ್ಲ, ಮೂರನೇ ಹಂತದ ಮೇಲೆ. ಸೋಸಿ, ಅತಿನೇರಳೆ ಬೆಳಕು ಅಥವಾ ಓಜೋನ್ ಹಾಯಿಸಿ ಬಿಟ್ಟ ನೀರಿಗೂ ಇದಕ್ಕೂ ವ್ಯತ್ಯಾಸವಿದೆ. ಈ ಭಾಗದ ನೀರಾವರಿ ಹೋರಾಟಗಾರರು ವರ್ಷಗಳಿಂದ ಕೇಳುತ್ತಿರುವುದು ಅದನ್ನೇ.

ಮಂಗಳೂರಿನ ಸಿಗಡಿ ಹೇಳಿದ್ದು

ಕರಾವಳಿಯಲ್ಲಿ ಈ ಎಚ್ಚರಿಕೆಯ ಗಂಟೆ ಬಾರಿಸಿ ಮೂರು ದಶಕವಾಯಿತು. 1969ರಲ್ಲಿ ಮಂಗಳೂರಿನಲ್ಲಿ ಶುರುವಾದ ಮೀನುಗಾರಿಕಾ ಕಾಲೇಜು ಬಹುಕಾಲ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೂಸಾಗಿತ್ತು. ಅಲ್ಲಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ದಂಪತಿ ಮತ್ತು ಸಹೋದ್ಯೋಗಿಗಳು 1994ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಹ್ಯಾಚರಿಯಲ್ಲಿ ಸಿಗಡಿ ಮರಿಗಳು ಸಾಮೂಹಿಕವಾಗಿ ಸಾಯುತ್ತಿದ್ದವು. ಕಾರಣ ವಿಬ್ರಿಯೊ ಹಾರ್ವಿಯೈ, ಕತ್ತಲಲ್ಲಿ ಮಿನುಗುವ ಕಡಲ ಬ್ಯಾಕ್ಟೀರಿಯಾ. ಮರಿಗಳನ್ನು ಉಳಿಸಲೆಂದು ತೊಟ್ಟಿಗೆ ಸುರಿಯುವ ಆಂಟಿಬಯಾಟಿಕ್‌ಗಳನ್ನೇ ಅದು ಜೀರ್ಣಿಸಿಕೊಂಡಿತ್ತು.

ಇದು ಕರುಳಿನಿಂದ ಬಂದದ್ದಲ್ಲ, ಕಡಲಿನದೇ ಪ್ರಜೆ. ಅದಕ್ಕೂ ಪಾಠ ಕಲಿಸಿದವರು ನಾವೇ. ಆಗ ಈ ಸುದ್ದಿ ಸಿಗಡಿ ವ್ಯಾಪಾರಿಗಳ ವಲಯ ದಾಟಲಿಲ್ಲ.

> ಬ್ಯಾಕ್ಟೀರಿಯಾ ತಿನ್ನುವ ವೈರಸ್
>
> ● ಗಂಗೆ, ಯಮುನೆಯ ನೀರಲ್ಲಿ ಕಾಲರಾ ರೋಗಾಣು ಬೇಗ ಸಾಯುತ್ತದೆ ಎಂದು ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಬರೆದ. ಅದರ ಹಿಂದಿರುವುದು ಫೇಜ್‌ಗಳು, ಅಂದರೆ ಬ್ಯಾಕ್ಟೀರಿಯಾಗಳನ್ನೇ ಬೇಟೆಯಾಡುವ ವೈರಸ್‌ಗಳು ಎಂಬ ಊಹೆ ಬಂದದ್ದು ಆಮೇಲೆ.
>
> ● ಮಂಗಳೂರಿನ ಅದೇ ತಂಡ 2000ದ ದಶಕದಲ್ಲಿ ವಿಬ್ರಿಯೊ ಹಾರ್ವಿಯೈಯನ್ನು ತಿನ್ನುವ ಫೇಜ್‌ಗಳನ್ನು ಹ್ಯಾಚರಿಯಲ್ಲಿ ಬಳಸಿ, ಹೆಚ್ಚು ಸಿಗಡಿ ಮರಿಗಳನ್ನು ಉಳಿಸಿಕೊಂಡಿತು.

'ಪವರ್ ಇರೋದು ಕೊಡಿ'

ಈಗ ಜಡಿಗೇನಹಳ್ಳಿಯಂಥ ಹೋಬಳಿ ಊರಿಗೆ ಮರಳೋಣ. ಮೆಡಿಕಲ್ ಶಾಪಿನ ಮುಂದೆ ಬೈಕ್ ಆಫ್ ಮಾಡದೆಯೇ ಕೇಳುವ ಮಾತಿದು: "ಜ್ವರ, ಗಂಟಲು ನೋವು. ಪವರ್ ಇರೋದು ಕೊಡಣ್ಣ, ಎರಡು ದಿನಕ್ಕೆ." ಚೀಟಿ ಎಲ್ಲಿ ಎಂದು ಕೇಳಿದರೆ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಹಾಗಾಗಿ ಕೇಳುವುದಿಲ್ಲ. ಅದು ಹೆಚ್ಚಾಗಿ ವೈರಲ್ ಜ್ವರ, ಆಂಟಿಬಯಾಟಿಕ್‌ಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮಾತ್ರೆ ಕರುಳಿಗೆ ಇಳಿಯುತ್ತದೆ, ಅಲ್ಲಿ ಬಗ್ಗುವವನ್ನು ಕೊಂದು ಬಗ್ಗದವಕ್ಕೆ ಜಾಗ ತೆರವು ಮಾಡುತ್ತದೆ. ನುಂಗಿದ ಅಮಾಕ್ಸಿಸಿಲಿನ್‌ನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹಾಗೇ ಮೂತ್ರದಲ್ಲಿ ಹೊರಹೋಗುತ್ತದೆ. ಬಚ್ಚಲ ಮೋರಿಗೆ, ಅಲ್ಲಿಂದ ಹಳ್ಳಕ್ಕೆ.

ಕೊಟ್ಟಿಗೆಯದು ಇನ್ನೊಂದು ಕತೆ. ಇದು ಹಾಲಿನ ಸೀಮೆ. ಎಚ್.ಎಫ್. ಹಸುವಿಗೆ ಕೆಚ್ಚಲು ಬಾವು ಬಂದರೆ ಮನೆಯ ಆದಾಯವೇ ನಿಂತಂತೆ, ಆಂಟಿಬಯಾಟಿಕ್ ಬೇಕೇಬೇಕು. ಬೇಡದ್ದು ಎರಡು: ವೆಟರ್ನರಿ ಡಾಕ್ಟರ್ ಬರುವ ಮುಂಚೆ ಕೈಗೆ ಸಿಕ್ಕ ಟ್ಯೂಬು ಹಾಕುವುದು, ಮತ್ತು ಔಷಧದ ಲೇಬಲ್ ಹೇಳಿದ ದಿನ ಮುಗಿಯುವ ಮುನ್ನವೇ ಹಾಲನ್ನು ಡೈರಿಗೆ ಹಾಕುವುದು. ಕೋಳಿ ಫಾರಂಗಳಲ್ಲಂತೂ ರೋಗವಿಲ್ಲದಿದ್ದರೂ ಬೇಗ ತೂಕ ಬರಲೆಂದು ಮೇವಿನಲ್ಲೇ ಆಂಟಿಬಯಾಟಿಕ್ ಬೆರೆಸುವ ಅಭ್ಯಾಸ ದೇಶದುದ್ದಕ್ಕೂ ಇತ್ತು. ಮನುಷ್ಯರ ಐಸಿಯುವಿನಲ್ಲಿ ಕೊನೆಯ ಆಸರೆಯಾದ ಕೊಲಿಸ್ಟಿನ್ ಕೂಡ ಕೋಳಿಯ ಬಾಯಿಗೆ ಹೋಗುತ್ತಿತ್ತು. ಕೇಂದ್ರ ಸರ್ಕಾರ 2019ರ ಜುಲೈನಲ್ಲಿ ಅದನ್ನು ನಿಷೇಧಿಸಿತು. ಬೆಳಗಿನ ಜಾವ ನಾಲ್ಕಕ್ಕೇ ಬಿರಿಯಾನಿಗೆ ಕ್ಯೂ ನಿಲ್ಲುವ ತಾಲ್ಲೂಕಿನವರು ಇದನ್ನು ತಿಳಿದಿರುವುದು ಒಳ್ಳೆಯದು.

> ಕೆಂಪು ಗೆರೆ
>
> ● ಮಾತ್ರೆಯ ಸ್ಟ್ರಿಪ್ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಡಾಕ್ಟರ ಚೀಟಿ ಇಲ್ಲದೆ ಕೊಳ್ಳುವಂತಿಲ್ಲ.
>
> ● 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯ ಔಷಧಗಳನ್ನು ಯಾರಿಗೆ, ಯಾವ ವೈದ್ಯರ ಚೀಟಿಗೆ ಮಾರಿದೆ ಎಂದು ಅಂಗಡಿಯವರು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು.
>
> ● ಜಗತ್ತಿನಲ್ಲಿ 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕೇ ನೇರ ಕಾರಣವಾಗಿ ಸತ್ತವರು ಅಂದಾಜು 12.7 ಲಕ್ಷ.

ಕಾರ್ಖಾನೆಗಳದೂ ಪಾಲಿದೆ. ಔಷಧ ಕಾರ್ಖಾನೆಗಳ ತ್ಯಾಜ್ಯ ನೀರಿನಲ್ಲಿ ಯಾವ ಆಂಟಿಬಯಾಟಿಕ್ ಎಷ್ಟು ಇರಬಹುದೆಂಬ ಮಿತಿಗಳನ್ನು ಕೇಂದ್ರ ಪರಿಸರ ಸಚಿವಾಲಯ 2020ರ ಜನವರಿಯ ಕರಡಿನಲ್ಲಿ ಪಟ್ಟಿ ಮಾಡಿತ್ತು. ಜಗತ್ತಿನ ಯಾವ ದೊಡ್ಡ ದೇಶವೂ ಅಷ್ಟು ಧೈರ್ಯ ತೋರಿರಲಿಲ್ಲ. 2021ರಲ್ಲಿ ಅಂತಿಮ ಅಧಿಸೂಚನೆ ಬಂದಾಗ ಆ ಪಟ್ಟಿಯೇ ಮಾಯವಾಗಿತ್ತು.

ಗುಂಡಿಯ ಲೆಕ್ಕ

ಬೆಂಗಳೂರು ಕೊಳಚೆಯಿಂದಲೇ ಊರಿನ ಆರೋಗ್ಯ ಓದಲು ಕಲಿತದ್ದು ಕೋವಿಡ್ ಕಾಲದಲ್ಲಿ. 2021ರಿಂದ ಟಾಟಾ ಇನ್‌ಸ್ಟಿಟ್ಯೂಟ್ ಫಾರ್ ಜೆನೆಟಿಕ್ಸ್ ಅಂಡ್ ಸೊಸೈಟಿಯ ಸಂಶೋಧಕರು ನಗರದ 28 ಶುದ್ಧೀಕರಣ ಘಟಕಗಳಿಂದ ನೀರು ತಂದು ವೈರಸ್‌ನ ಏರಿಳಿತ ಅಳೆದರು. ಮನೆಮನೆಗೆ ಹೋಗಿ ಮೂಗಿಗೆ ಕಡ್ಡಿ ಹಾಕಬೇಕಿರಲಿಲ್ಲ. ಔಷಧಕ್ಕೆ ಬಗ್ಗದ ವಂಶವಾಹಿಗಳನ್ನೂ ಅಂಥದೇ ಬಾಟಲಿ ನೀರಲ್ಲಿ ಎಣಿಸಬಹುದು. ಕಡಲ ತೀರದಲ್ಲಿ ಎಣಿಸುವುದಕ್ಕಿಂತ ಇಲ್ಲಿ ಎಣಿಸುವುದು ಅಗ್ಗ, ಮತ್ತು ಏನಾದರೂ ಮಾಡಲು ಇನ್ನೂ ಸಮಯವಿರುತ್ತದೆ.

ಆದರೆ ಹಳ್ಳಿಯಲ್ಲಿ ಘಟಕವೆಲ್ಲಿದೆ? ಇಲ್ಲಿರುವುದು ಗುಂಡಿ. ತುಂಬಿದಾಗ ಟ್ರ್ಯಾಕ್ಟರಿಗೋ ಲಾರಿಗೋ ಕಟ್ಟಿದ ಟ್ಯಾಂಕರ್ ಬಂದು ಹೀರಿಕೊಂಡು ಹೋಗುತ್ತದೆ. ಈ ಗುಂಡಿ ಕೆಸರನ್ನೇ ಶುದ್ಧ ಮಾಡುವ, ದೇಶದಲ್ಲೇ ಮೊದಲಿನದೆನ್ನಿಸಿಕೊಂಡ ಊರಮಟ್ಟದ ಘಟಕ ಇದೇ ಜಿಲ್ಲೆಯ ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾಯಿತು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ದೊಡ್ಡ ಯಂತ್ರಗಳಿಲ್ಲ. ಕೆಸರು ಕೊಳೆತು, ಒಣಗಿ, ಊರಿನ ಹಸಿ ಕಸದೊಂದಿಗೆ ಬೆರೆತು ಗೊಬ್ಬರವಾಗುತ್ತದೆ. ಗೊಬ್ಬರದ ರಾಶಿ ಒಳಗೊಳಗೇ ಕಾದು 55 ಡಿಗ್ರಿ ದಾಟಿ ಕೆಲವು ದಿನ ಹಾಗೇ ನಿಂತರೆ ಇ. ಕೋಲಿ ಉಳಿಯುವುದು ಕಷ್ಟ. ನೋಡಲು ದೇಶವಿದೇಶಗಳಿಂದ ಎಂಜಿನಿಯರ್‌ಗಳು ಬಂದುಹೋಗಿದ್ದಾರೆ.

ಅಲ್ಲಿಗೆ ತಲುಪದ ಟ್ಯಾಂಕರ್‌ಗಳ ಮಾತೇ ಬೇರೆ. ಪೈಪು ಸುತ್ತಿಕೊಂಡು ದುಡ್ಡು ಎಣಿಸುತ್ತಿರುವ ಡ್ರೈವರನ್ನು "ಎಲ್ಲಿ ಸುರೀತೀಯಪ್ಪ?" ಎಂದು ಕೇಳಿ ನೋಡಿ. ಕತ್ತು ಆಡಿಸಿ ತೋರಿಸುವುದು ಹೆಚ್ಚಾಗಿ ಯಾರದೋ ಹೊಲ. ಇಲ್ಲವೇ, "ಅಲ್ಲೇ ಸಾರ್, ಹಳ್ಳದ ಕಡೆ."